ಕಲಬುರಗಿ ಬಿಸ್ಲಾಗ ಶಿಟ್ಜು ಬೋಳಿಸದೇ ಬ್ಯಾಸಗಿ ದಾಟಿಸಿದ್ದು: ನನ್ನ ಅನುಭವ

ಈ ಬ್ಯಾಸಗಿ ನನ್ನ ಕೈಯಾಗ ಹನ್ನೊಂದು ನಾಯಿ ಇದ್ವು. ಏಳು ಶಿಟ್ಜು, ಮೂರು ಲಾಸಾ, ಒಂದು ಮಾಲ್ಟೀಸ್, ಎಲ್ಲಾ ಉದ್ದ ಕೂದ್ಲಾದ ಸಣ್ಣ ಜಾತಿ ನಾಯಿ. ಒಂದಕ್ಕೂ ಮೈ ಪೂರಾ ಬೋಳಿಸಿಲ್ಲ. ಬೆನ್ನಮ್ಯಾಲ ಬರೋಬ್ಬರಿ ಒಂದಿಂಚು ಕೂದ್ಲಾ ಇಟ್ಟೇ ಮೇ ತಿಂಗಳು ದಾಟಿಸೀನಿ, ಅದೂ ನಮ್ಮ ಕಲಬುರಗ್ಯಾಗ, ಮಧ್ಯಾಹ್ನ ಹನ್ನೆರಡರ ಮ್ಯಾಲ ಮನಿ ಬಾಗ್ಲು ತಗದ್ರ ಮಾರಿಗಿ ಝಳ ಹೊಡಿಯೋ ಊರಾಗ. ಒಂದು ನಾಯಿಗೂ ತೊಗಲು ಸುಟ್ಟಿಲ್ಲ, ಗಂಟು ಬಿದ್ದಿಲ್ಲ, ಬಗಲಾಗ ಹಸಿ ಗಾಯ ಆಗಿಲ್ಲ. ಇದು ಆಗೋ ಮಾತೇ ಅಲ್ಲ ಅಂದವ್ರು ಎಷ್ಟ್ ಮಂದಿ ಅಂತ ಲೆಕ್ಕ ಹಾಕಿದ್ರ ನಮ್ಮತ್ತಿಯಿಂದ ಹಿಡಿದು ಹೈದರಾಬಾದ್ದಾಗ ಹದಿನೈದು ವರ್ಷ ಗ್ರೂಮಿಂಗ್ (ನಾಯಿ ಕೂದ್ಲಾ ತೊಳದು, ಬಾಚಿ, ಕತ್ತರಸೋ ಕೆಲಸ) ಮಾಡಿದವ್ರ ತನಕಾ ಅದಾರ. ಅದಕ್ಕೇ ಬರೀಲತ್ತೀನಿ. ಸ್ಲಿಕ್ಕರ್ (ಸಣ್ಣ ತಂತಿ ಹಲ್ಲಿನ ಬ್ರಶ್) ಯಾವ್ದು, ಕೂದ್ಲಾ ತಗಿಯೋ ಕ್ಲಿಪ್ಪರ್ ಮಿಷಿನ್ನಿನ ಬ್ಲೇಡ್ ನಂಬರ್ ಏನು ಅಂತ ಈ ಕೆಲಸದವ್ರಿಗೆಲ್ಲಾ ಗೊತ್ತಿದ್ದದ್ದೇ, ಅದನ್ನ ಮತ್ತ ಹೇಳಲ್ಲ, ನಾ ಎಲ್ಲಿ ಎಡವಿದೆ, ಎಷ್ಟ್ ರೊಕ್ಕ ಹೋಯ್ತು, ಕಡಿಗಿ ಹೆಂಗ ದಾರಿ ಸಿಕ್ತು ಅಷ್ಟೇ.

ನಾ ಮೊದಲಿಂದ ನಾಯಿ ಕೆಲಸದಾಕಿ ಅಲ್ರಿ. ಜೇವರ್ಗಿ ರೋಡ್ ಕಡಿ ಮನ್ಯಾಗೇ ಹನ್ನೆರಡು ವರ್ಷ ಲೇಡೀಸ್ ಪಾರ್ಲರ್ ನಡಿಸೀನಿ. ಲಾಕ್‌ಡೌನ್‌ದಾಗ ಪಾರ್ಲರ್ ಬಂದ್ ಬಿತ್ತು, ಅದೇ ವರ್ಷ ಮಗಳ ಹಟಕ್ಕ ಲಡ್ಡು ಅಂತ ಒಂದು ಶಿಟ್ಜು ಕುನ್ನಿ ಮನಿಗಿ ಬಂತು. ಹತ್ತು ತಿಂಗಳ ತನಕಾ ಲಡ್ಡು ಕೂದ್ಲಾ ರೇಷ್ಮಿ ಇದ್ದಂಗ ಇತ್ತು, ವಾರಕ್ಕೊಮ್ಮಿ ಬಾಚಿದ್ರ ಸಾಕಿತ್ತು, ನಾನೂ ಇದೇನ್ ದೊಡ್ಡ ಕೆಲಸ ಅಂದ್ಕೊಂಡಿದ್ದೆ. ಹನ್ನೊಂದನೇ ತಿಂಗಳಿಗಿ ಮರಿಗೂದ್ಲಾ ಹೋಗಿ ದೊಡ್ಡ ಕೂದ್ಲಾ ಬರ್ಲಾಕ ಶುರು ಆಯ್ತು ನೋಡ್ರಿ, ಮುಂಜಾನಿ ಬಿಡಿಸಿದ ಗಂಟು ಸಂಜಿಕಿ ಮತ್ತ ಹಾಜರ್. ಉದುರೋ ಮರಿಗೂದ್ಲಾ ನೆಲಕ್ಕ ಬೀಳಲ್ಲ, ಹೊಸ ಕೂದ್ಲಾದಾಗೇ ಸಿಕ್ಕೊಂಡು ಜಡಿ ಆಗ್ತದ. ಈ ಹಂಗಾಮು ಬರ್ತದ ಅಂತ ಕುನ್ನಿ ಮಾರಿದವ್ರು ಒಂದ್ ಮಾತೂ ಹೇಳಿರ್ಲಿಲ್ಲ. ಈಗ ನನ್ನ ಬಳಿ ಎಂಟು ತಿಂಗಳ ಮರಿ ತಗೊಂಡು ಬಂದವ್ರಿಗೆಲ್ಲಾ ನಾ ಮೊದಲು ಇದನ್ನೇ ಹೇಳ್ತೀನಿ, ಮುಂದಿನ ಮೂರ್ನಾಲ್ಕು ತಿಂಗಳು ದಿನಾ ಬಾಚ್ರಿ, ಆಗಲ್ಲ ಅಂದ್ರ ಈಗ್ಲೇ ಸಣ್ಣ ಮಾಡಿ ಇಡೋಣ ಅಂತ.

2021ರ ಬ್ಯಾಸಗಿಗಿ ಹೈರಾಣಾಗಿ ಒಂದು ಗ್ರೂಮಿಂಗ್ ಅಂಗಡಿಗಿ ಒಯ್ದು ಪೂರಾ ಬೋಳಿಸಿದೆ. ನಮ್ಮತ್ತಿ ಅಂತೂ ಕೂಸಿಗಿ ಜವಳ ತೆಗಸಿದಂಗ ಹಗುರಾಯ್ತು ನೋಡು ಅಂತ ಖುಷಿ ಆದ್ರು. ಅವತ್ತು ರಾತ್ರಿಯಿಂದ ಲಡ್ಡು ಹೊಟ್ಟಿ ನೆಕ್ಕೋದು ಶುರು ಮಾಡಿದ್ಲು, ನೋಡಿದ್ರ ತೊಡಿ ಸಂದ್ಯಾಗ ಕೆಂಪಗ ಬರಿ ಎಳದಂಗ ಗುರುತು. ಬ್ಲೇಡ್ ಕಾದಿತ್ತು, ಅಂಗಡಿಯಂವ ನಡುವ ನಿಲ್ಸಿ ಮುಟ್ಟಿ ನೋಡಿಲ್ಲ. ಅದು ಒಂದು. ಎರಡನೇದು ಕಿವಿ. ಕಿವಿ ಹಿಂದ ಮುಂದ ಜಡಿಗಟ್ಟಿದ್ದ ಕೂದ್ಲಾ ಒಮ್ಮಿಗೇ ತಗದ ಮ್ಯಾಲ ಅಕಿಗಿ ಕಿವಿ ಏನೋ ಹಗುರಾಗಿ ಬ್ಯಾರೆ ಅನಸ್ಲತ್ತು, ರಾತ್ರಿ ಪೂರಾ ತಲಿ ಝಾಡಿಸಿದ್ಲು, ಮುಂಜಾನಿ ಎದ್ದು ನೋಡಿದ್ರ ಎಡಗಿವಿ ಪೂರಿ ಉಬ್ಬಿದಂಗ ಉಬ್ಬಿತ್ತು, ಒಳಗ ರಕ್ತ ತುಂಬಿತ್ತು. ದವಾಖಾನ್ಯಾಗ ಅದನ್ನ ತಗಸಿ, ಪಟ್ಟಿ ಕಟ್ಟಿಸಿ, ಗುಳಿಗಿ ಎಲ್ಲಾ ಸೇರಿ ಸುಮಾರು ಮೂರು ಸಾವಿರ ಹೋಯ್ತು. ಬೋಳಿಸ್ಲಾಕ ಕೊಟ್ಟದ್ದು ಆರ್ನೂರು. ಆಮ್ಯಾಲ ಮಾಳಗಿ ಮ್ಯಾಲ ಸಂಡಿಗಿ ಒಣಗಸ್ಲಾಕ ಹೋದಾಗ ಅಕಿ ನನ್ನ ಹಿಂದೇ ಬಂದು ಒಂದು ತಾಸು ಬಿಸ್ಲಾಗ ಅಡ್ಡಾಡಿದ್ಲು, ಬೆನ್ನ ತೊಗಲು ಗುಲಾಬಿ ಆಗಿ ಮೂರ್ನೇ ದಿನಕ್ಕ ಸಿಪ್ಪಿ ಸುಲೀತು. ಅವತ್ತೇ ಅನ್ಕೊಂಡೆ, ಈ ಕೂದ್ಲಾ ಅಕಿಗಿ ಬರೇ ಭಾರ ಅಲ್ಲ, ನೆರಳೂ ಹೌದು.

ಹಂಗಂತ 2022ಕ್ಕ ಮುಟ್ಟೋದೇ ಬ್ಯಾಡ ಅಂತ ಪೂರಾ ಉದ್ದ ಬಿಟ್ಟೆ. ಅದೂ ಮಣ್ಣು ಮುಕ್ಕಿಸ್ತು. ನಮ್ಮ ಮನ್ಯಾಗ ಎಸಿ ಇಲ್ಲ, ಕೂಲರ್ ಅದ. ಕೂಲರ್ ಮುಂದೇ ಮಲಗ್ತಿದ್ಲು, ನಾನೂ ಛಲೋ ಆಯ್ತು ತಣ್ಣಗ ಅದಾಳ ಅಂತ ಸುಮ್ನಿದ್ದೆ. ಕೂಲರ್ ಗಾಳ್ಯಾಗ ಹಸಿ ಇರ್ತದಲ್ರಿ, ಅದು ದಿನಾ ಕೂದ್ಲಾದ ಬುಡಕ್ಕ ಕೂತು, ಮ್ಯಾಲಿಂದ ಎರೆಮಣ್ಣಿನ ಧೂಳು ಬಿದ್ದು, ಎದಿಗಿ ಕಟ್ಟೋ ಬೆಲ್ಟ್ ತಿಕ್ಕಿ, ಜೂನ್ ಬರೋದ್ರೊಳಗ ಬಗಲಾಗ, ಎದಿ ಮ್ಯಾಲ ಕಂಬಳಿ ನೇದಂಗ ಆಗಿತ್ತು. ನಾ ದಿನಾ ಬಾಚ್ತಿದ್ದೆ, ಖರೇನೇ ಬಾಚ್ತಿದ್ದೆ, ಆದ್ರ ಬ್ರಶ್ ಮ್ಯಾಲ್‌ಮ್ಯಾಲೇ ಹೋಗ್ತಿತ್ತು, ನೋಡ್ಲಾಕ ಫಳಫಳ, ಬುಡದಾಗ ಜಡಿ. ಬಗಲಾಗ ಒಂದು ರೂಪಾಯಿ ಬಿಲ್ಲೆ ಅಗಲ ಹಸಿ ಗಾಯ ಆಗಿ ವಾಸ್ನಿ ಬಂದ ಮ್ಯಾಲೇ ನನಗ ಗೊತ್ತಾಗಿದ್ದು. ಚರ್ಮ ವಾಸಿನೇ ಆಗವಲ್ದು ಅಂತ ಹುಮನಾಬಾದ್ ಮ್ಯಾಲಿಂದ ಬೀದರ್ ವೆಟರ್ನರಿ ಕಾಲೇಜಿಗೂ ಒಯ್ದೆ, ಅಲ್ಲಿ ಕೆರದು ನೋಡಿ ಹುಳದ ಕಜ್ಜಿ ಅಲ್ಲ, ಹಸಿಗಿ ಬೆಳದ ಯೀಸ್ಟ್ ಅಂದ್ರು. ಕಾರಿಂದು ಡೀಸೆಲ್, ಶಾಂಪೂ, ಗುಳಿಗಿ ಎಲ್ಲಾ ಕೂಡಿ ಮತ್ತ ನಾಲ್ಕು ನಾಲ್ಕೂವರೆ ಸಾವಿರ.

ದಾರಿ ಸಿಕ್ಕಿದ್ದು ಫರಸಿ ಮ್ಯಾಲ. ನಮ್ಮ ಹಿಂದಿನ ಖೋಲ್ಯಾಗ ಹಳೀ ಶಹಾಬಾದ್ ಕಲ್ಲು ಹಾಸ್ಯಾರ, ಮುಂದಿನ ಹಾಲ್‌ನಾಗ ಟೈಲ್ಸ್. ಗಾಯ ಆದಾಗ ಹೊಟ್ಟಿ, ಬಗಲು ಅಷ್ಟೇ ಸಾಫ್ ಬೋಳಿಸಿದ್ದೆ, ಮ್ಯಾಲಿನ ಕೂದ್ಲಾ ಹಂಗೇ ಇತ್ತು. ಅವತ್ತಿನಿಂದ ಲಡ್ಡು ಕೂಲರ್ ಬಿಟ್ಟು ಹಿಂದಿನ ಖೋಲಿಗಿ ಹೋಗಿ, ಹಿಂಗಾಲು ಎರಡೂ ಹಿಂದಕ್ಕ ಚಾಚಿ ಕಪ್ಪಿ ಇದ್ದಂಗ ಹೊಟ್ಟಿ ಕಲ್ಲಿಗಿ ಹಚ್ಚಿ ಮಲಗ್ಲತ್ತಿದ್ಲು. ಹತ್ತು ನಿಮಿಷಕ್ಕೊಮ್ಮಿ ಎದ್ದು ಒಂದು ಮೊಳ ಸರದು ತಣ್ಣಗಿದ್ದ ಮುಂದಿನ ಕಲ್ಲಿಗಿ ಹೋಗಾಕಿ. ಎದ್ದ ಜಾಗ ಮುಟ್ಟಿ ನೋಡಿದ್ರ ಬೆಚ್ಚಗ. ಅಂದ್ರ ಅಕಿ ಮೈಯಾನ ಬಿಸಿ ಹೊಟ್ಟಿಯಿಂದ ಕಲ್ಲಿಗಿ ಇಳೀಲತ್ತದ. ನಾಯಿಗಿ ನಮ್ಮಂಗ ಮೈಯೆಲ್ಲಾ ಬೆವರು ಬರಲ್ಲ, ತೇಕು ಹಾಕೇ ತಣ್ಣಗ ಆಗ್ಬೇಕು, ಶಿಟ್ಜು ಮೂಗು ಮೊದ್ಲೇ ಚಪ್ಪಟಿ, ತೇಕೂ ಅರ್ಧ. ಬೆನ್ನು ಬೋಳಿಸಿದ್ರ ಅಕಿ ಬೆವರಲ್ಲ, ಹೊಟ್ಟಿ ಸಾಫ್ ಇದ್ರ ಕಲ್ಲು ಎಳಕೋತದ. ಮ್ಯಾಲ ಒಂದಿಂಚು ನೆರಳು, ಕೆಳಗ ಸಾಫ್. ನಂದು ಪೂರಾ ಪದ್ಧತಿ ಇಷ್ಟೇ, ಹೇಳ್ಲಾಕ ಒಂದು ಸಾಲು, ಕೂಡಿಸ್ಲಾಕ ಎರಡು ವರ್ಷ ಹಿಡೀತು.

ಯಾಕಂದ್ರ ಒಂದಿಂಚು ಕೂದ್ಲಾ ಅಂದ್ರ ಅದು ಬುಡದಿಂದ ತುದಿ ತನಕಾ ಬಿಡಿಬಿಡಿ ಇದ್ರ ಮಾತ್ರ ನೆರಳು, ನಡುವ ಗಾಳಿ ಆಡ್ಬೇಕು. ಗಂಟಾದ್ರ ಅದೇ ಒಂದಿಂಚು ಗೋಣಿಚೀಲ. ಇಲ್ಲಿ ನನ್ನ ಪಾರ್ಲರ್ ಕೈ ಕೆಲಸಕ್ಕ ಬಂತು. ಕೂದ್ಲಿಗಿ ಕಲರ್ ಹಚ್ಚುವಾಗ ನಾವು ಸೆಕ್ಷನ್ ತಗೀತೀವಲ್ಲ, ಚೂಪ ಹಿಡಿಕಿ ಇದ್ದ ಹಣಗಿಲೆ ಗೆರಿ ಹಾಕಿ ಒಂದೊಂದು ಪದರ ಎತ್ತಿ, ಹಂಗೇ ನಾಯಿಗೂ ಮಾಡ್ಲತ್ತೆ. ಪಾದದಿಂದ ಶುರು, ಕೂದ್ಲಾ ಮ್ಯಾಲಕ್ಕ ಎತ್ತಿ ಎಡಗೈಲೆ ಹಿಡಿಯೋದು, ತೊಗಲಿನ ಗೆರಿ ಕಾಣ್ಬೇಕು, ಆ ಗೆರಿಯಿಂದ ಬೆರಳಗಲ ಕೂದ್ಲಾ ಅಷ್ಟೇ ಕೆಳಗ ಇಳಿಸಿ ಸ್ಲಿಕ್ಕರ್ ಆಡ್ಸೋದು, ಆಮ್ಯಾಲ ಸ್ಟೀಲ್ ಹಣಗಿ ಬುಡದಿಂದ ಎಳದು ನೋಡೋದು. ಹಣಗಿ ಎಲ್ಲೂ ತಡೀಲಾರ್ದಂಗ ಬಂದ್ರ ಮುಂದಿನ ಗೆರಿ. ಲಡ್ಡು ಮೈಯ ಒಂದು ಬದಿಗೇ ಇಪ್ಪತ್ತರ ಮ್ಯಾಲ ಗೆರಿ ಬರ್ತಾವ. ಮೊದ್ಲು ಒಂದು ತಾಸು ಹಿಡೀತಿತ್ತು, ಈಗ ದಿನಾ ಹದಿಮೂರು ಹದಿನಾಲ್ಕು ನಿಮಿಷ. ಸ್ಲಿಕ್ಕರ್ ನನ್ನ ಮುಂಗೈ ಮ್ಯಾಲ ಎಷ್ಟು ಒತ್ತಿದ್ರ ನೋವಾಗಲ್ಲೋ ಅಷ್ಟೇ ಒತ್ತೋದು, ಒಮ್ಮಿ ನಿಮ್ಮ ಕೈ ಮ್ಯಾಲ ಆಡ್ಸಿ ನೋಡ್ರಿ, ಎಷ್ಟೋ ನಾಯಿಗಳು ಬ್ರಶ್ ಕಂಡ್ರ ಯಾಕ ಕಾಟ್ ಕೆಳಗ ಓಡ್ತಾವ ಅಂತ ತಿಳೀತದ.

ಒಣ ಕೂದ್ಲಾ ಬಾಚಬ್ಯಾಡ್ರಿ. ನಮ್ಮ ಕಡಿ ಡಿಸೆಂಬರ್‌ನಿಂದ ಮೇ ತನಕಾ ಗಾಳಿ ಏಕ್ದಮ್ ಒಣ, ಕೂದ್ಲಾ ಚಟ್ ಚಟ್ ಅಂತ ಕೈಗಿ ಹತ್ತತದ, ತುಂಡಾಗ್ತದ. ಒಂದು ಪಾಲು ಕಂಡೀಷನರ್‌ಗಿ ಹತ್ತು ಪಾಲು ನೀರು ಹಾಕಿ ಸ್ಪ್ರೇ ಬಾಟ್ಲಿ ಮಾಡಿ ಇಟ್ಟೀನಿ. ಅದ್ರಾಗ ಇನ್ನೊಂದು ಜಿನ್ನಸು ಎರಡು ಹನಿ ಬೀಳ್ತದ, ಅದು ನನ್ನ ಬಳಿನೇ ಇರ್ಲಿ, ಮೂರು ವರ್ಷದ ಸಂಪಾದ್ನಿ ಅದು. ಟೀ ಟ್ರೀ ಎಣ್ಣಿ ಅಂತೂ ಅಲ್ಲ, ಅದು ನಾಯಿಗಿ ವಿಷ, ಯಾರರೆ ಹೇಳಿದ್ರ ಹಾಕಬ್ಯಾಡ್ರಿ. ಕೊಬ್ರಿ ಎಣ್ಣಿನೂ ಬ್ಯಾಡ, ನಮ್ಮ ಧೂಳಿಗಿ ಅದು ಗೋಂದು ಆಗ್ತದ.

2023ಕ್ಕ ಇದೆಲ್ಲಾ ಬರೋಬ್ಬರಿ ಮಾಡಿದ್ರೂ ಅರ್ಧಮರ್ಧ ಆಯ್ತು, ಕೂದ್ಲಾ ಸ್ನಾನ ಆದ ಎರಡೇ ದಿನಕ್ಕ ಅಂಟಂಟು, ಹಣಗಿಗಿ ಬಿಳಿ ಪುಡಿ. ಮೂರು ಶಾಂಪೂ ಬದಲಿ ಮಾಡಿದೆ, ಒಂದೊಂದಕ್ಕ ಐನೂರು ಆರ್ನೂರು. ಶಾಂಪೂ ತಪ್ಪಲ್ಲ, ನೀರಿಂದು ತಪ್ಪು. ನಮ್ಮದು ಬೋರ್ ನೀರು, ಗಡಸು ಅಂದ್ರ ಎಷ್ಟ್ ಗಡಸು, ಗೀಸರ್ ಕಾಯಿಲ್ ವರ್ಷಕ್ಕೊಂದು ಬದಲ್ಸ್ತೀವಿ, ಬಕೀಟಿನ ಅಂಚಿಗಿ ಸುಣ್ಣ ಬಳದಂಗ ಕೂತಿರ್ತದ. ಆ ಸುಣ್ಣ ಕೂದ್ಲಾದ ಮ್ಯಾಲ ಕೂತ್ರ ಕೂದ್ಲಾ ಒರಟಾಗಿ ಒಂದಕ್ಕೊಂದು ಹಿಡ್ಕೋತಾವ. ಈಗ ತೊಳೆಯೋದೆಲ್ಲಾ ಬೋರ್ ನೀರಿಲೇ, ಕಡೀ ಎರಡು ಬಕೀಟು ಮಾತ್ರ ಕ್ಯಾನ್ ನೀರು. ಇಪ್ಪತ್ತು ಲೀಟರ್ ಕ್ಯಾನ್ ಒಂದರಾಗ ಒಂದು ಶಿಟ್ಜು ಆರಾಮ್ ಆಗ್ತದ, ಅದರಾಗ ಎರಡು ಚಮಚ ಬಿಳಿ ವಿನೆಗರ್, ಕುತ್ತಿಗಿ ಕೆಳಗ ಮಾತ್ರ, ಗಾಯ ಇದ್ರ ಬ್ಯಾಡೇ ಬ್ಯಾಡ. ಒಬ್ರು ಆರ್‌ಓ ಮಿಷಿನ್ನಿಂದ ಹೊರಗ ಹೋಗೋ ನೀರು ಹಿಡಿದು ತೊಳೀತಿದ್ರು, ಹೆಂಗೂ ಫಿಲ್ಟರ್ ನೀರೇ ಅಲ್ಲಾ ಅಂತ. ಅದು ಬೋರ್ ನೀರಿಗಿಂತ ಗಡಸು, ತಗದ ಸುಣ್ಣ ಎಲ್ಲಾ ಅದ್ರಾಗೇ ಇರ್ತದ.

ಇನ್ನ ಒಣಗಸೋದು. ಇದರ ಮ್ಯಾಲ ನನಗ ಎಷ್ಟು ಮಂದಿ ಜೋಡಿ ವಾದ ಆಗ್ಯಾದೋ. ಕಲಬುರಗಿ ಬಿಸ್ಲಿಗಿ ಬ್ಲೋಯರ್ ಯಾಕ್ರಿ ಅಕ್ಕೋರ, ಅಂಗಳದಾಗ ಬಿಟ್ರ ಹತ್ತು ನಿಮಿಷಕ್ಕ ಒಣಗ್ತದ ಅಂತಾರ. ಒಣಗ್ತದ, ಖರೆ. ಆದ್ರ ಒದ್ದಿ ಕೂದ್ಲಾ ಬಿಡಸ್ಲಾರ್ದೆ ಹಂಗೇ ಒಣಗಿದ್ರ ಸುರುಳಿ ಸುರುಳಿಯಾಗಿ ಬುಡದಾಗೇ ಗಂಟು ಕಟ್ತದ. ಗಾಳಿ ಬುಡಕ್ಕ ಹೊಡದು ಕೂದ್ಲಾ ನೆಟ್ಟಗ ನಿಲ್ಲೋ ಹಂಗ ಬಾಚ್ತಾ ಬಾಚ್ತಾ ಒಣಗಿಸಿದ್ರೇ ಮುಂದ ಎಂಟು ದಿನ ಬದುಕು. ಗಂಟಿದ್ದ ನಾಯಿಗಿ ಮೊದ್ಲು ನೀರು ಹಾಕೋದೂ ಅಷ್ಟೇ ತಪ್ಪು, ಗಂಟು ನೀರು ಕುಡದು ಬಿಗೀತದ, ಕಂಬಳಿ ತೊಳದಂಗ. ನನ್ನ ಮೊದಲ್ನೇ ಬ್ಲೋಯರ್ ಎರಡೂವರೆ ಸಾವಿರದ್ದು, ಮೂರು ತಿಂಗಳಿಗಿ ಮೋಟರ್ ಸುಟ್ತು. ಎರಡನೇದು ಏಳು ಸಾವಿರ ಚಿಲ್ಲರ್, ಹಚ್ಚಿದ ಕೂಡ್ಲೇ ಮನಿದು ಎಂಸಿಬಿ ಬೀಳ್ತಿತ್ತು, ಬ್ಯಾರೆ ಲೈನ್ ಎಳಸ್ಲಾಕ ಮತ್ತ ಹದಿನೆಂಟು ನೂರು. ಬ್ಯಾಸಗ್ಯಾಗ ಕರೆಂಟ್ ಹೋಗೋದು ಮಾಮೂಲಿ, ಅದಕ್ಕ ಸ್ನಾನ ನಸುಕಿನ್ಯಾಗ ಆರಕ್ಕ ಮುಗಸ್ತೀನಿ, ನಡುವ ಕರೆಂಟ್ ಹೋದ್ರ ಟವೆಲ್ ಸುತ್ತಿ ಒತ್ತಿ ಒತ್ತಿ ನೀರು ತಗದು ಹಣಗಿ ಹಿಡಿದು ಕೂಡೋದೇ. ಸಪ್ಪಳಕ್ಕ ಅಂಜೋ ನಾಯಿಗಳಿಗಿ ಹಳೀ ಕಾಲುಚೀಲದ ಮ್ಯಾಲಿನ ತುಂಡು ಕತ್ತರ್ಸಿ ತಲಿಗಿ ಕಿವಿ ಮುಚ್ಚೋ ಹಂಗ ಹಾಕ್ತೀನಿ, ನಾಕಾಣಿ ಖರ್ಚಿಲ್ಲ, ಅರ್ಧ ಅಂಜಿಕಿ ಹೋಗ್ತದ.

ರೊಕ್ಕದ್ದು ಇನ್ನೊಂದು ದಡ್ಡತನ ಹೇಳ್ಬೇಕು. ಕ್ಲಿಪ್ಪರ್ ಬ್ಲೇಡ್ ಹರಿತ ಹೋತು ಅಂತ ಬಜಾರ್‌ನಾಗ ಚಾಕು ಕತ್ತರಿಗಿ ಸಾಣಿ ಹಿಡಿಯೋರ ಬಳಿ ಕೊಟ್ಟೆ. ಅವ್ರು ಛಂದ ಮಿಂಚೋ ಹಂಗ ಮಾಡಿ ಐವತ್ತು ರೂಪಾಯಿ ತಗೊಂಡ್ರು, ಪಾಪ ಅವ್ರದ್ದೇನೂ ತಪ್ಪಿಲ್ಲ, ಈ ಬ್ಲೇಡಿನ ಮೈ ನಡುವ ಕೂದ್ಲೆಳಿ ಅಷ್ಟು ತಗ್ಗು ಇರ್ತದ, ಎರಡೂ ಹಲ್ಲು ಸಾಲು ತುದಿಗಷ್ಟೇ ಕೂಡ್ತಾವ, ಅದನ್ನ ಸಾಣಿಗಿ ಹಿಡದ್ರ ಆ ಲೆಕ್ಕ ಹೋಯ್ತು. ಕೂದ್ಲಾ ಕತ್ತರಸೋ ಬದ್ಲು ಕಿತ್ತು ಎಳೀಲತ್ತು. ಹದಿನಾರು ನೂರಿನ ಬ್ಲೇಡ್ ಕಸಕ್ಕ. ಈಗ ಹೈದರಾಬಾದ್‌ಗಿ ಹೋಗೋರ ಕೈಯಾಗ ನಾಕೈದು ಕೂಡಿಸಿ ಕಳಸ್ತೀನಿ, ಒಂದಕ್ಕ ಎರಡುನೂರು ಎರಡುನೂರ ಐವತ್ತು ತಗೋತಾರ. ಕೆಲಸದಾಗ ನಂಬರ್ ಹತ್ತರ (ಕೂದ್ಲಾ ಭಾಳ ಸಣ್ಣ ತಗಿಯೋ) ಬ್ಲೇಡ್ ಎರಡು ಇಟ್ಕೋತೀನಿ, ಒಂದು ಓಡ್ತಿರ್ಬೇಕು, ಒಂದು ಕಲ್ಲಿನ ಮ್ಯಾಲ ತಣ್ಣಗ ಆಗ್ತಿರ್ಬೇಕು, ಎರಡು ನಿಮಿಷಕ್ಕೊಮ್ಮಿ ಮಣಿಕಟ್ಟಿಗಿ ಹಚ್ಚಿ ನೋಡೋದು. ಲಡ್ಡು ತೊಡಿ ಸಂದಿ ಸುಟ್ಟಿದ್ದು ನಾ ಇವತ್ತಿಗೂ ಮರ್ತಿಲ್ಲ. ಟೇಬಲ್, ಕ್ಲಿಪ್ಪರ್, ಬ್ಲೋಯರ್, ಹಾಳಾದದ್ದು ಎಲ್ಲಾ ಸೇರಿಸಿದ್ರ ಮೂವತ್ತೈದು ಸಾವಿರದ ಆಜುಬಾಜು ಹಾಕೀನಿ. ಈಗ ಒಂದು ನಾಯಿಗಿ ಒಂಬತ್ನೂರು ತಗೋತೀನಿ, ತಿಂಗಳಿಗೆ ಎರಡು ಸಲ ತಪ್ಪದೇ ತರೋರಿಗಿ ಏಳ್ನೂರು. ಆ ಹಾಕಿದ್ದು ವಾಪಸ್ ಬಂದು ಒಂದು ವರ್ಷದ ಮ್ಯಾಲಾಯ್ತು.

ಗಂಟು ಬಿಡಸೋದ್ರ ಬಗ್ಗಿ ನನ್ನ ಮನಸು ಬದಲಾಗಿದ್ದು ಆಳಂದ ಕಡಿಯಿಂದ ಬಂದ ಒಂದು ಲಾಸಾದಿಂದ. ರಾಜಾ ಅಂತ ಹೆಸರು, ಆರು ವರ್ಷದ ನಾಯಿ. ಅವನ ಮಾಲಕರು, ಕೂದ್ಲಾ ತಗೀಬ್ಯಾಡ್ರಿ ಮೇಡಂ, ಮಗಳ ಮದುವಿ ಅದ, ಫೋಟೋದಾಗ ಛಂದ ಕಾಣ್ಬೇಕು ಅಂದ್ರು. ನನಗೂ ಆಗ ಕೈಮ್ಯಾಲ ಭಾಳ ನಂಬಿಕಿ, ಗಂಟು ಸಡಿಲ ಆಗ್ಲಿ ಅಂತ ಕಾರ್ನ್‌ಫ್ಲೋರ್ ಉದುರ್ಸಿ, ಸ್ಪ್ರೇ ಹೊಡದು, ಎರಡು ದಿನ ಎರಡೆರಡು ತಾಸು ಕೂತೆ. ಎರಡನೇ ದಿನ ರಾಜಾ ನನ್ನ ಹೆಬ್ಬೆಟ್ಟು ಕಡದ. ಕಡದು ಬಿಟ್ಟು ಕೂಡ್ಲೇ ನೆಕ್ಕಿದ. ಕಿವಿ ಹಿಂದ ಮಾಡಿ, ಕಣ್ಣ ಬಿಳಿ ತೋರ್ಸಿ, ಮೈಯೆಲ್ಲಾ ನಡಗ್ಲತ್ತಿತ್ತು. ನಾ ಬ್ರಶ್ ಕೆಳಗಿಟ್ಟು ಅವ್ರಿಗಿ ಫೋನ್ ಹಚ್ಚಿ ಹೇಳ್ದೆ, ಅಣ್ಣಾರ, ನಾ ಇವಂಗ ಇನ್ನ ನೋವು ಕೊಡಲ್ಲ, ಬೋಳಿಸ್ತೀನಿ, ಬ್ಯಾಡಾದ್ರ ಬಂದು ಒಯ್ರಿ. ಸ್ವಲ್ಪ ಹೊತ್ತು ಸುಮ್ನಿದ್ದು ಹೂಂ ಅಂದ್ರು. ನಂಬರ್ ಹತ್ತು ತೊಗಲಿಗಿ ಹಚ್ಚಿ ನಿಧಾನ ನೂಕಿದ್ರ ಬೆನ್ನಿಂದು ಪೂರಾ ಒಂದೇ ತುಂಡು ಕುರಿ ತುಪ್ಪಟ ಸುಲದಂಗ ಬಂತು, ಕೈಯಾಗ ಹಿಡದ್ರ ಒಂದೂ ಕೂದ್ಲಾ ಬಿಡ್ಲಾರ್ದಂಥ ಚಾಪಿ. ಅದರ ಒಳಗ ಉತ್ತರಾಣಿ ಬೀಜ, ಒಣಗಿದ ಉಣ್ಣಿಗಳು, ಮುಂಗಾಲಿನ ಮ್ಯಾಲ ಒಂದು ಸಣ್ಣ ರಬ್ಬರ್ ಬ್ಯಾಂಡ್ ಮಾಂಸದಾಗ ಇಳಿದಿತ್ತು, ಯಾವ್ದೋ ಕೂಸು ಆಡ್ತಾ ಹಾಕಿರ್ಬೇಕು, ಎಷ್ಟು ತಿಂಗಳಾಗಿತ್ತೋ. ಅದನ್ನ ನಾ ಮುಟ್ಲಿಲ್ಲ, ದವಾಖಾನಿಗಿ ಕಳಿಸಿದೆ. ಕೆಳಗ ಇಳಿಸಿದ ಮ್ಯಾಲ ರಾಜಾ ಒಂದು ನಿಮಿಷ ನಿಂತೇ ಇದ್ದ, ಆಮ್ಯಾಲ ಫರಸಿ ಮ್ಯಾಲ ಅಂಗಾತ ಬಿದ್ದು ಬೆನ್ನು ತಿಕ್ಕಿದ, ಎದ್ದ, ಮತ್ತ ಬಿದ್ದ, ಅಷ್ಟು ದಿನ ತುರಿಸಿದ್ರೂ ಮುಟ್ಟದ ಬೆನ್ನು ಅದು. ನಾ ಅಲ್ಲೇ ಕೂತು ಅತ್ತೀನಿ.

ಅವತ್ತಿನಿಂದ ನನ್ನ ಲೆಕ್ಕ ಹಿಂಗ ಅದ: ಹಣಗಿಲೆ ಹದಿನೈದು ನಿಮಿಷದಾಗ ಬಿಡೋ ಗಂಟು ಬಿಡಸ್ತೀನಿ, ಅದಕ್ಕಿಂತ ಹೆಚ್ಚಿಂದು ತಗದೇ ಬಿಡ್ತೀನಿ, ಬೋಳಿಸೋದು ಅಲ್ಲಿ ದಯಾ. ನಾ ಬೋಳಿಸಬ್ಯಾಡ್ರಿ ಅನ್ನೋದು ಆರೋಗ್ಯ ಇದ್ದ ಕೂದ್ಲಾದ್ದು. ಕಿವಿ ಜಡಿ ತಗದ ಮ್ಯಾಲ ಎರಡು ದಿನ ಅದೇ ಕಾಲುಚೀಲದ ತುಂಡು ಸಡಿಲ ಹಾಕಿ ಇಡ್ರಿ ಅಂತ ಕಳಸ್ತೀನಿ, ತಲಿ ಝಾಡಿಸಿದ್ರೂ ಕಿವಿ ಬಡಕೊಳ್ಳಲ್ಲ. ಲಡ್ಡು ಆದ ಮ್ಯಾಲ ನನ್ನ ಕೈಯಾಗ ಇನ್ನೊಂದು ಕಿವಿ ಉಬ್ಬಿಲ್ಲ.

ನಡುವ ಒಂದು ಮಜಾ ಪ್ರಯೋಗ ಆಯ್ತು. ನನ್ನ ಮೈದುನ ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರ್ಯಾಗ ಅದಾನ, ಅಲ್ಲಿ ಮಿಷಿನ್ ಬೇರಿಂಗ್ ಎಷ್ಟು ಕಾದದ ಅಂತ ದೂರದಿಂದ್ಲೇ ಡಿಗ್ರಿ ತೋರ್ಸೋ ಗನ್ ಇರ್ತದ, ಒಂದು ರವಿವಾರ ತಂದಿದ್ದ. ಮುಂಜಾನಿ ಒಂಬತ್ತರ ಬಿಸ್ಲಾಗ ಲಡ್ಡುಗಿ ಮೂರೇ ನಿಮಿಷ ನಿಲ್ಸಿ ಹೊಡದ್ವಿ, ಕೂದ್ಲಾದ ಮ್ಯಾಲ ನಲವತ್ತೇಳು ಡಿಗ್ರಿ ಸುಮಾರು, ಕೂದ್ಲಾ ಸೀಳಿ ಕೂಡ್ಲೇ ತೊಗಲಿಗಿ ಹೊಡದ್ರ ಮೂವತ್ತೆಂಟು ಮೂವತ್ತೊಂಬತ್ತು. ಬಾಜು ಮನಿ ಬೋಳಿಸಿದ ಶಿಟ್ಜು ತಂದು ಹೊಡದ್ವಿ, ಬೆನ್ನು ನಲವತ್ಮೂರು ತೋರಿಸ್ತು. ಬಾಜು ಮನಿಯವ್ರು ಗನ್ ಇಸ್ಕೊಂಡು ತಾವೇ ಎರಡು ಸಲ ನೋಡಿದ್ರು. ಈ ಸಲದ ಹನ್ನೊಂದ್ರಾಗ ಅವ್ರ ನಾಯಿನೂ ಅದ.

ಹಿಟ್ಟಿನ ಪ್ರಯೋಗ ಮಾತ್ರ ಹಾಳಾಯ್ತು. ಕಾರ್ನ್‌ಫ್ಲೋರ್ ನಡೀತದ ಅಂದ್ರ ಮನ್ಯಾಗಿನ ಜ್ವಾಳದ ಹಿಟ್ಟು ಯಾಕ ನಡೆಯಲ್ಲ ಅಂತ ಸಣ್ಣ ಜರಡಿ ಹಿಡದು ಉದುರ್ಸಿದೆ. ಗಂಟಿನಾಗ ಹಸಿ ಇದ್ದಲ್ಲಿ ರೊಟ್ಟಿ ಹಿಟ್ಟು ನಾದಿದಂಗ ಅಂಟ್ತು, ರಾತ್ರಿ ಇರುವಿ ಬಂದ್ವು. ಸೀಗಿಕಾಯಿ, ಅಂಟವಾಳನೂ ನೋಡೀನಿ, ಕೂದ್ಲಾ ಸ್ವಚ್ಛ ಆಗ್ತದ ಆದ್ರ ಶಿಟ್ಜು ಕಣ್ಣು ಮುಂದ ಬಂದಿರ್ತಾವ, ಒಂದು ಹನಿ ಹೋದ್ರೂ ಕಣ್ಣು ಕೆಂಪಾಗಿ ಒರಸ್ತಾ ಕೂಡ್ತಾವ, ಬಿಟ್ಟುಬಿಟ್ಟೆ. ಭಾಳ ಛಲೋ ಆದದ್ದು ಅಂದ್ರ ಬೆಲ್ಟಿನ ಅಸ್ತರ. ಬಗಲಾಗಿನ ಗಂಟು ಅರ್ಧ ಬೆಲ್ಟಿನ ತಿಕ್ಕಾಟದ್ದೇ. ಹಳೀ ಸ್ಯಾಟಿನ್ ಪರಕರದ ಬಟ್ಟಿ ಕತ್ತರ್ಸಿ ಬೆಲ್ಟಿನ ಒಳಗ ಹೊಲದು ಹಾಕಿದೆ, ಮನಿಗಿ ಬಂದ ಕೂಡ್ಲೇ ಬೆಲ್ಟ್ ತಗದುಬಿಡೋದು. ಹದಿನೈದು ದಿನಕ್ಕ ಒಂದು ಗಂಟು ಬರ್ತಿದ್ದಲ್ಲಿ ಎರಡು ತಿಂಗಳು ಬರ್ಲಿಲ್ಲ. ಈಗ ಗಿರಾಕಿಗಳಿಗಿ ಎಂಬತ್ತು ರೂಪಾಯಿಗಿ ಹೊಲಸಿ ಕೊಡ್ತೀನಿ.

ಕಣ್ಣು, ಕಿವಿ, ಉಗುರು ಲಗೂನ ಹೇಳಿಬಿಡ್ತೀನಿ. ಕಣ್ಣಿನ ಒಳಮೂಲಿ ಕೂದ್ಲಾ ಕಣ್ಣಿಗಿ ಚುಚ್ಚಿದ್ರ ನೀರು ಸುರೀತದ, ಆ ನೀರಿನಾಗಿನ ಬಣ್ಣಕ್ಕೇ ಬಿಳಿ ಕೂದ್ಲಾ ಕೆಂಪಾಗೋದು, ದಿನಾ ಎರಡು ಸಲ ಒದ್ದಿ ಅರಿವಿಲೆ ಒರಸಿ ಒಣಗಸೋದೇ ದವಾ, ಪುಡಿ ಗಿಡಿ ತಿನಸ್ಲಾಕ ಹೋಗಬ್ಯಾಡ್ರಿ, ಕೆಲವ್ರಾಗ ಆಂಟಿಬಯೋಟಿಕ್ ಇರ್ತದ. ಅಕಸ್ಮಾತ್ ಒಂದೇ ಕಣ್ಣು ಮುಚ್ಚಿ ಕೂತ್ರ ಕೂದ್ಲಾದ ಕೆಲಸ ಅಲ್ಲ ಅದು, ಅವತ್ತೇ ದವಾಖಾನಿಗಿ. ಜುಟ್ಲಾ ಬಿಗಿ ಕಟ್ಟಬ್ಯಾಡ್ರಿ, ಹುಬ್ಬು ಮ್ಯಾಲಕ್ಕ ಎಳದಂಗ ಕಂಡ್ರ ನಾಯಿಗಿ ದಿನಪೂರ್ತಿ ತ್ರಾಸು. ಕಿವಿ ಒಳಗಿನ ಕೂದ್ಲಾ ನಾ ಪೂರಾ ಕೀಳಲ್ಲ, ಗಾಳಿ ಆಡೋ ಅಷ್ಟು ತಗೀತೀನಿ. ಪಂಜದ ಗಾದಿ ನಡುವಿನ ಕೂದ್ಲಾ ಮಾತ್ರ ಬಿಡಬ್ಯಾಡ್ರಿ, ಪಾಲಿಶ್ ಮಾಡಿದ ಕಲ್ಲಿನ ಮ್ಯಾಲ ಕಾಲು ಜಾರಿ ಜಾರಿ ಮಣಕಾಲು ಹೋಗ್ತಾವ. ಮತ್ತ ಮುಂಗಾಲಿನ ಮ್ಯಾಲಿನ ಒಂಟಿ ಉಗುರು, ನೆಲಕ್ಕ ತಾಗಲ್ಲ, ಸವಿಯಲ್ಲ, ಕೂದ್ಲಾದಾಗ ಕಾಣಲ್ಲ, ಸುತ್ತಿ ಮಾಂಸಕ್ಕೇ ಚುಚ್ಕೊಂಡದ್ದು ಮೂರು ನಾಯಾಗ ನೋಡೀನಿ. ಅಂಜೋ ನಾಯಿಗಿ ಉಗುರು ಕತ್ತರಸ್ಲಾಕ ಒಂದು ಹಿಡಿಯೋ ರೀತಿ ಅದ ನಂದು, ಅದು ಬರದು ತಿಳಿಯಲ್ಲ, ಬಂದು ನೋಡಿದವ್ರಿಗಿ ತೋರಸ್ತೀನಿ.

ಬೋಳಿಸಿದ್ರ ಉಣ್ಣಿ ಹತ್ತಲ್ಲ ಅಂತಾರ, ಅದೂ ಸುಳ್ಳು. ಬೋಳ ನಾಯಿಗೂ ಕಿವ್ಯಾಗ, ಬೆರಳ ಸಂದ್ಯಾಗ ಹತ್ತೇ ಹತ್ತತಾವ, ಅದಕ್ಕ ಡಾಕ್ಟರ್ ಕೊಡೋ ಗುಳಿಗಿ ತಪ್ಪದೇ ಬೇಕು, ಉಣ್ಣಿ ಜ್ವರ ನಮ್ಮ ಕಡಿ ಎಷ್ಟು ನಾಯಿ ಒಯ್ದದ ನಿಮಗ ಗೊತ್ತಿಲ್ಲದ್ದೇನಲ್ಲ. ಗೆರಿ ಹಾಕಿ ಬಾಚೋದ್ರಾಗ ಒಂದು ಲಾಭ ಅಂದ್ರ ದಿನಾ ತೊಗಲು ಕಣ್ಣಿಗಿ ಬೀಳ್ತದ, ಜ್ವಾಳದ ಕಾಳಿನಷ್ಟು ಆಗೋದ್ರೊಳಗ ಉಣ್ಣಿ ಸಿಗ್ತಾವ.

ಹೈದರಾಬಾದ್ ಗ್ರೂಮರ್ ಅಂತ ಮೊದ್ಲು ಹೇಳಿದೆನಲ್ಲ, ಅವ್ರು ಏಪ್ರಿಲ್‌ನಾಗ ಸಂಬಂಧಿಕರ ಮನಿಗಿ ಬಂದಾಗ ಲಡ್ಡು ಮೈಯಾಗ ತಮ್ಮ ಹಣಗಿ ತಗೊಂಡು ಹಿಂಬದಿಯಿಂದ ಕುತ್ತಿಗಿ ತನಕಾ ಬುಡದಾಗ ಎಳದ್ರು, ಎರಡೂ ಬಗಲಾಗ ಎಳದ್ರು, ಎಲ್ಲೂ ತಡೀಲಿಲ್ಲ. ಹೊಟ್ಟಿ ಕೆಳಗಿನ ಗೆರಿ ಎಲ್ಲಿ ತನಕಾ ತಗೀತೀರಿ ಅಂತ ಕೇಳಿದ್ರು. ಮೊಣಕೈ ಮಟ್ಟ, ಬದಿಯಿಂದ ನೋಡಿದ್ರ ಕಾಣ್ಬಾರ್ದು, ಮ್ಯಾಲಿನ ಕೂದ್ಲಾ ಅದನ್ನ ಮುಚ್ಚಬೇಕು ಅಂದೆ. ಫೋಟೋ ತಗೊಂಡು ಹೋದ್ರು.

ಮುಂದಿನ ಸಲಕ್ಕ ಈಗ್ಲೇ ಕೇಳ್ಲತ್ತಾರ, ಅದಕ್ಕ ಒಂದು ಮಾತು. ಈ ಪದ್ಧತಿ ಬಿಸ್ಲು ಬಿದ್ದ ಮ್ಯಾಲ ಶುರು ಮಾಡೋದಲ್ಲ. ಶಿವರಾತ್ರಿ ಒಳಗ ಮೊದಲ್ನೇ ಕಟಿಂಗ್ ಆಗ್ಬೇಕು, ಆಗ ಬುಡದಾಗಿನ ಗಂಟೆಲ್ಲಾ ತಗದು, ಹೊಟ್ಟಿ ಸಾಫ್ ಮಾಡಿ, ನಾಯಿಗೂ ಮನಿಯವ್ರಿಗೂ ದಿನಾ ಬಾಚೋ ರೂಢಿ ಬೀಳ್ಲಾಕ ಒಂದು ತಿಂಗಳು ಸಿಗ್ತದ. ಹೋಳಿ ಆದ ಮ್ಯಾಲ ಬರೋ ನಮ್ಮೂರ ಶರಣಬಸವೇಶ್ವರ ಜಾತ್ರಿ ಮುಗದ ಮ್ಯಾಲ ಜಡಿ ನಾಯಿ ತಗೊಂಡು ಬಂದು ಒಂದಿಂಚು ಉಳಸ್ರಿ ಅಂದ್ರ ನಾ ಮಾತು ಕೊಡಲ್ಲ, ಸಾಫ್ ಮಾಡಿ ಕಳಸ್ತೀನಿ, ಹಿಂದಿನ ಖೋಲಿ ಕಲ್ಲಿನ ಮ್ಯಾಲ ಮಲಗಸ್ರಿ, ಬಿಸ್ಲಿಗಿ ಬಿಡಬ್ಯಾಡ್ರಿ ಅಂತ ಹೇಳಿ.